ಉಬ್ಬುವ ನೀರಿಗೆ ಜಾಗ ಮಾಡಿಕೊಡುವ ದುರ್ಸುನ್ ಮೇಸ್ತ್ರಿ

ಎರ್ಜುರುಮ್ ಊರಿನ ಬೀದಿದೀಪಗಳು ಇನ್ನೂ ಆರಿಲ್ಲ. ಮುನೆವ್ವೆರ್ ಅಜ್ಜಿಯ ಮನೆಯ ನೆಲಮಾಳಿಗೆಯಲ್ಲಿ ದುರ್ಸುನ್ ಮೇಸ್ತ್ರಿ ಮಂಡಿಯೂರಿ ಕುಳಿತು, ಮನೆಯನ್ನು ಬೆಚ್ಚಗಿಡುವ ಬಾಯ್ಲರಿನ ಪಕ್ಕದ ಕೆಂಪು ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಾರೆ. ಮೇಲೆ ತಟ್ಟಿ, ಕೆಳಗೆ ತಟ್ಟಿ, ಬಲಗಿವಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಅರ್ಧ ಭಾಗವಾದರೂ ಟೊಳ್ಳು ಸದ್ದು ಕೊಡಬೇಕು. ಎಲ್ಲಿ ತಟ್ಟಿದರೂ ತುಂಬಿದ ಕೊಡದ ಸದ್ದೇ ಬರುತ್ತದೆ.

ಟ್ಯಾಂಕಿನ ತಲೆಯಲ್ಲಿ ಸೈಕಲ್ ಟ್ಯೂಬಿಗಿರುವಂಥ ವಾಲ್ವ್ ಇದೆ. ಅದರ ಪಿನ್ ಒತ್ತುತ್ತಾರೆ. ಗಾಳಿ ಬರಬೇಕಾದಲ್ಲಿ ತುಕ್ಕುನೀರು ಚಿಮ್ಮಿ ಅವರ ಮೀಸೆಯ ಮೇಲೆ ಬೀಳುತ್ತದೆ.

"ಒಳಗಿನ ರಬ್ಬರ್ ಚೀಲ ಹರಿದಿದೆ," ಎನ್ನುತ್ತಾರೆ, ಮುಖ ಒರೆಸಿಕೊಳ್ಳುತ್ತ. "ನೂರು ಲೀಟರ್ ನೀರು ಚೆನ್ನಾಗಿ ಕಾದ್ರೆ ಮೂರು ಲೀಟರ್ ಜಾಸ್ತಿ ಆಗುತ್ತೆ. ಆ ಮೂರು ಲೀಟರ್ ಎಲ್ಲಿಗೆ ಹೋಗ್ಬೇಕು ಹೇಳಿ? ಈ ಚೀಲದೊಳಕ್ಕೆ. ಜಾಗ ಇಲ್ಲಾಂದ್ರೆ ಪೈಪನ್ನೇ ಒದೆಯುತ್ತೆ."

ದುರ್ಸುನ್ ಅವರಿಗೆ ಐವತ್ತೆಂಟು. ಹಿಂದೆ ಹುಟ್ಟಿದ ಮೂರು ಮಕ್ಕಳು ಉಳಿಯಲಿಲ್ಲವೆಂದು ತಾಯಿ ಇವರಿಗೆ 'ನಿಲ್ಲಲಿ' ಎಂಬ ಅರ್ಥದ ಈ ಹೆಸರಿಟ್ಟರು. ಇವರಿಗೆ ಇಪ್ಪತ್ತಾಗಿದ್ದಾಗ ಒಂದು ಮನೆಯಲ್ಲಿ, ಉಬ್ಬಿದ ನೀರು ಅಟ್ಟದ ಟ್ಯಾಂಕಿಗೆ ಹೋಗುವ ಪೈಪು ರಾತ್ರಿ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಕಲ್ಲಿದ್ದಲು ಸುರಿದರು, ಬಾಯ್ಲರ್ ಸಿಡಿಯಿತು. ಕೆಲಸ ಕಲಿಸಿದ ಗುರು ಅಲ್ಲೇ ತೀರಿಕೊಂಡರು. ಬಾಗಿಲಾಚೆ ನಿಂತಿದ್ದ ದುರ್ಸುನ್ ಅವರ ಎಡಗಿವಿ ಅಂದಿನಿಂದ ಕೇಳುವುದಿಲ್ಲ. ಈಗ ಮಂಡಿಯೂ ಕೈಕೊಟ್ಟಿದೆ. ಆದರೂ ಹಿಮ ಬಿದ್ದ ಮೇಲೆ ದಿನಕ್ಕೆ ಏಳೆಂಟು ಮನೆ, ಅಷ್ಟೂ ನೆಲಮಾಳಿಗೆ ಇಲ್ಲವೇ ಅಟ್ಟ. "ಬಾಯ್ಲರ್ ಯಾಕೆ ನಡುಮನೇಲಿ ಇಡಲ್ವೋ ಈ ಜನ!" ಎಂದು ಹೆಂಡತಿ ಹಾಜೆರ್ ರಾತ್ರಿ ಮಂಡಿಗೆ ಎಣ್ಣೆ ತಿಕ್ಕುತ್ತ ಶಪಿಸುತ್ತಾರಂತೆ.

ಮೇಸ್ತ್ರಿ ಬಾಯ್ಲರಿನ ಹಿಂದೆ ಟಾರ್ಚ್ ಬಿಟ್ಟು ನೋಡುತ್ತಾರೆ. ಒತ್ತಡ ಹೆಚ್ಚಿದಾಗ ನೀರು ಬಿಟ್ಟುಕೊಡಬೇಕಾದ ಸೇಫ್ಟಿ ವಾಲ್ವಿನ ಬಾಯಿಗೆ ಯಾರೋ ಬಿರಡೆ ತಿರುಗಿಸಿ ಮುಚ್ಚಿದ್ದಾರೆ.

"ಇದನ್ಯಾರಪ್ಪ ಹಾಕಿದ್ದು?"

"ನಾನೇ," ಎನ್ನುತ್ತಾನೆ ಮೆಟ್ಟಿಲ ಮೇಲೆ ನಿಂತ ಅಜ್ಜಿಯ ಮಗ ಸೆರ್ಕಾನ್. "ದಿನಾ ತೊಟ್ಟಿಕ್ಕುತ್ತಿತ್ತು ಮೇಸ್ತ್ರಿ. ನೆಲ ಎಲ್ಲ ರಾಡಿ."

ಹೋದ ಶರತ್ಕಾಲದಲ್ಲಿ ಅವನು ಮೂರನೇ ಮಹಡಿ ಕಟ್ಟಿಸಿ, ಅಲ್ಲಿಗೂ ಬಿಸಿನೀರಿನಿಂದ ಕೋಣೆ ಕಾಯಿಸುವ ರೇಡಿಯೇಟರ್ ಎಳೆಸಿದ್ದಾನೆ. ಮನೆ ಬೆಳೆಯಿತು, ನೀರು ಬೆಳೆಯಿತು, ಟ್ಯಾಂಕು ಮಾತ್ರ ಹಳೆಯದೇ ಉಳಿಯಿತು.

ಮೇಸ್ತ್ರಿ ಬಿರಡೆ ಬಿಚ್ಚಿ ವಾಲ್ವಿನ ಗುಬುಟು ತಿರುಗಿಸಿ ನೋಡುತ್ತಾರೆ. ಸುಣ್ಣ ಕಟ್ಟಿ ಕಲ್ಲಾಗಿದೆ, ಜಗ್ಗುವುದಿಲ್ಲ. ಕೈಚಾಚಿ ಬಾಯ್ಲರ್ ಆರಿಸುತ್ತಾರೆ.

"ಏನ್ಮಾಡ್ತಿದೀರಿ? ಮೇಲೆ ಬಾಣಂತಿ ಇದಾಳೆ!" ಸೆರ್ಕಾನ್ ಕೆಳಗೆ ಧುಮುಕುತ್ತಾನೆ. "ಹೊರಗೆ ಮೈನಸ್ ಇಪ್ಪತ್ತಾರು. ಮಧ್ಯಾಹ್ನದವರೆಗೆ ಉರೀಲಿ, ಆಮೇಲೆ ಮಾಡಿ."

"ಆಗಲ್ಲಪ್ಪ."

ಅಜ್ಜಿ ಮೇಲಿನಿಂದಲೇ ಕೂಗುತ್ತಾರೆ: "ದುರ್ಸುನ್! ನನ್ನ ಮೊಮ್ಮಗೂಗೆ ಏನಾದ್ರೂ ಆದ್ರೆ ಆ ಪಾಪ ನಿನ್ನ ತಲೆಗೇ ಸುತ್ಕೊಳ್ಳುತ್ತೆ, ನೋಡ್ಕೋ!"

"ಬೈಯಿರಿ ಅಮ್ಮ, ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಸ್ವಿಚ್ ಮಾತ್ರ ಮುಟ್ಟಬೇಡಿ. ಮಗೂನ ಪಕ್ಕದ ಮನೆಗೆ ಕಳಿಸಿ."

ಬಾಣಂತಿಯನ್ನು ಕಂಬಳಿ ಹೊದೆಸಿ ಪಕ್ಕದ ಮನೆಗೆ ಕರೆದೊಯ್ಯುತ್ತಾರೆ. ಹೊಸಿಲು ದಾಟುವಾಗ ಕೂಸು ಅಳುತ್ತದೆ. ಮೇಸ್ತ್ರಿ ತಲೆಯೆತ್ತುವುದಿಲ್ಲ. ಎದ್ದು ಮಹಡಿ ಮಹಡಿ ಹತ್ತಿ ರೇಡಿಯೇಟರುಗಳನ್ನು ಎಣಿಸುತ್ತಾರೆ, ಎಲ್ಲ ಪೈಪಿನಲ್ಲಿ ನಿಂತ ನೀರೆಷ್ಟು, ಮನೆಯ ಎತ್ತರವೆಷ್ಟು ಎಂದು ಬಾಯಲ್ಲೇ ಗುಣಿಸುತ್ತಾರೆ. ಹಳೆಯ ಟ್ಯಾಂಕು ಇಪ್ಪತ್ತೈದು ಲೀಟರಿನದು. ಈ ಮನೆಗೆ ಐವತ್ತು ಬೇಕು. ಅಂಗಡಿಯ ಬಾಗಿಲು ತೆಗೆಯುವವರೆಗೆ ಹಿಮದಲ್ಲಿ ಕಾದು, ಹೊಸ ಟ್ಯಾಂಕು, ಹೊಸ ವಾಲ್ವ್ ತರುತ್ತಾರೆ. ನೀರು ಸೇರುವ ಮೊದಲೇ ಪಂಪಿನಿಂದ ಟ್ಯಾಂಕಿಗೆ ಗಾಳಿ ಹೊಡೆಯುತ್ತಾರೆ, ಮೀಟರಿಟ್ಟು ನೋಡುತ್ತಾರೆ, ಒಂಚೂರು ಬಿಡುತ್ತಾರೆ, ಮತ್ತೆ ನೋಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬಾಯ್ಲರ್ ಉರಿಯುತ್ತದೆ. ಕೊನೆಯ ಮಹಡಿ ಬಿಸಿಯಾಗುವವರೆಗೂ ಮೇಸ್ತ್ರಿ ಒತ್ತಡ ತೋರಿಸುವ ಮುಳ್ಳಿನ ಮುಂದೆ ಕದಲದೆ ಕೂರುತ್ತಾರೆ. ಮುಳ್ಳು ಸ್ವಲ್ಪ ಏರಿ ನಿಲ್ಲುತ್ತದೆ.

ಸೆರ್ಕಾನ್ ಚಹಾ ತಂದಿಡುತ್ತಾನೆ. ಇಬ್ಬರೂ ಸಕ್ಕರೆ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೀರುತ್ತಾರೆ.

"ಸಿಡೀತಿತ್ತಾ ಮೇಸ್ತ್ರಿ?"

"ಗೊತ್ತಿಲ್ಲ ಮಗಾ. ಇವತ್ತೋ, ಹತ್ತು ವರ್ಷಕ್ಕೋ, ಯಾವತ್ತೂ ಇಲ್ವೋ. ಇವತ್ತು ಸಿಡಿಯಲ್ಲಾಂತ ಗೊತ್ತಿದ್ದಿದ್ರೆ ನೀನು ಹೇಳಿದ ಹಾಗೆ ಮಧ್ಯಾಹ್ನದವರೆಗೆ ಬಿಡ್ತಿದ್ದೆ."

ಮೇಸ್ತ್ರಿ ಬಿಚ್ಚಿಟ್ಟ ಬಿರಡೆಯನ್ನು ಸೆರ್ಕಾನ್ ಎತ್ತಿಕೊಂಡು ತಿರುಗಿಸಿ ನೋಡುತ್ತಾನೆ.

ಅಜ್ಜಿಯ ಕೋಪ ಇಳಿದಿಲ್ಲ. ಬಾಗಿಲಲ್ಲಿ ಅಡ್ಡ ನಿಂತು, "ಮುಂದಿನ ಸಲ ಬೇರೆ ಮೇಸ್ತ್ರೀನ ಕರೀತೀವಿ" ಎನ್ನುತ್ತಾರೆ. ಹಾಗೆನ್ನುತ್ತಲೇ ಬೆಣ್ಣೆ ಸವರಿದ ರೊಟ್ಟಿಯ ಸುರುಳಿಯನ್ನು ಮೇಸ್ತ್ರಿಯ ಜೇಬಿಗೆ ತುರುಕುತ್ತಾರೆ.

"ಧಾರಾಳವಾಗಿ ಕರೀರಿ ಅಮ್ಮ. ಬೇಸಿಗೇಲಿ ಕರೀರಿ."

ಬೀದಿಗಿಳಿದಾಗ ಫೋನು ಮತ್ತೆ ಬಡಿದುಕೊಳ್ಳುತ್ತದೆ. ಇನ್ನೊಂದು ಮನೆ, ಇನ್ನೊಂದು ನೆಲಮಾಳಿಗೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ದುರ್ಸುನ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ನಗುತ್ತಾರೆ.

"ಎಲ್ರಿಗೂ ಚಳಿ ಕಚ್ಚಿದಾಗಲೇ ನಾನು ನೆನಪಾಗೋದು. ಒಂದೇ ಒಂದು ಮನೆಯವರು ಬೇಸಿಗೇಲಿ, ಜುಲೈ ತಿಂಗಳಲ್ಲಿ ಕರೀಲಿ ಸಾಕು. ಆಗ ಪೈಪು ತಣ್ಣಗಿರುತ್ತೆ, ನನ್ನ ಕೈ ಬೆಚ್ಚಗಿರುತ್ತೆ."