ನಾಲ್ಕು ಎತ್ತಿನ ಹಗಲು

ಈರಣ್ಣ, ಆ ದಿನ ನಿನ್ನ ಹೊಲ ಅಳೆದದ್ದು ಎರಡು ಎತ್ತಲ್ಲ — ನಾಲ್ಕು. ಇಷ್ಟು ಹೇಳಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು.

ಕಮಲಾಪುರದ ಕಡೆಯ ಅಳತೆ ನಿನಗೆ ಗೊತ್ತೇ ಇದೆ — ಒಂದು ಜೋಡಿ ಎತ್ತು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಬಿತ್ತುವ ಕೂರಿಗೆ ಎಳೆದಷ್ಟು ನೆಲ, ಒಂದು ಕೂರಿಗೆ ಹೊಲ. ನಮ್ಮ ಮಾತೂ ಅಷ್ಟೇ ಇತ್ತು: ನೀನು ರಸ್ತೆ ಪಕ್ಕದ ಒಂದು ಕೂರಿಗೆ ಕೊಡಬೇಕು, ನಾನು ಕಲಬುರಗಿಯ ನನ್ನ ಹತ್ತಿ ಗಿರಣಿಯಲ್ಲಿ ನಿನಗೆ ಕಾಯಂ ಕೆಲಸ ಕೊಡಬೇಕು. ಯಾರ ಎತ್ತು ಎಂದು ನೀನು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡುವ ಚಾಳಿ ಶಹಾಬಜಾರದ ವ್ಯಾಪಾರಿಗೆ ಎಲ್ಲಿಂದ ಬರಬೇಕು?

ಒಂದು ತಿಂಗಳು ಹತ್ತಿಕಾಳು, ಬೆಲ್ಲ ತಿನ್ನಿಸಿ ಕೊಬ್ಬಿಸಿದ ಒಂದು ಜೋಡಿ ಬಿಳಿ ಎತ್ತುಗಳನ್ನು ಹೊಡೆದುಕೊಂಡು ಬಂದೆ. ನೀನೋ, ಪುಣ್ಯಾತ್ಮ — ಅವುಗಳ ಕಾಲಿಗೆ ಚುಚ್ಚೀತೆಂದು ಮುಂದೆ ಮುಂದೆ ಓಡಿ ಕಲ್ಲು ಆರಿಸಿದೆ! ಮಧ್ಯಾಹ್ನ ನೀನು ನನ್ನ ಆಳಿಗೆ ರೊಟ್ಟಿ, ಮಜ್ಜಿಗೆ ತರಲು ಮನೆಗೆ ಹೋದೆ. ಅಷ್ಟರಲ್ಲಿ ಹುಣಸೆ ಮರದ ಹಿಂದೆ ಕಟ್ಟಿದ್ದ ಇನ್ನೊಂದು ಬಿಳಿ ಜೋಡಿ, ದಣಿದವುಗಳ ಬದಲು, ನೊಗಕ್ಕೆ ಬಂತು.

ಸಂಜೆ ನಿನ್ನ ಹೆಂಡತಿ ಆ ಎತ್ತುಗಳಿಗೆ ಆರತಿ ಎತ್ತಿದಳು. "ಇವು ಎತ್ತಲ್ರಿ ಸಾವ್ಕಾರ್ರ, ಸಾಕ್ಷಾತ್ ಬಸವಣ್ಣ" ಎಂದು ನೀನು ಕೈಮುಗಿದೆ. ಅವಕ್ಕೆಂದು ತಂದ ಹೋಳಿಗೆಯಲ್ಲಿ ಎರಡು ನಾನೂ ತಿಂದೆ — ನಾಚಿಕೆಗೆಟ್ಟ ಹೊಟ್ಟೆ.

ಗಿರಣಿ ಬೆಳೆಯಿತು. ನಿನ್ನ ಹೊಲದ ಹತ್ತಿಯನ್ನು ಅಲ್ಲಿ ನೀನೇ ಬೆನ್ನ ಮೇಲೆ ಹೊತ್ತೆ, ಸೀಟಿಯಿಂದ ಸೀಟಿಯವರೆಗೆ. ಜನ ನನಗೆ ಹಾರ ಹಾಕಿ, ಊರು ಉದ್ಧಾರ ಮಾಡಿದ ಸಾಹುಕಾರ ಎಂದರು. ನಾನೂ ನಂಬಿದೆ.

ಹೋದ ತಿಂಗಳು ಕೆಲಸ ಬಿಟ್ಟು, ಹೇಳಿಹೋಗಲು ನನ್ನ ಮನೆಗೆ ಬಂದೆಯಲ್ಲ. ಕಟ್ಟೆಯ ಮೇಲೆ ಕೂಡಲಿಲ್ಲ. ಕೆಮ್ಮಿದೆ, ಆಮೇಲೆ ನಕ್ಕೆ.

"ಹೊಲಾ ಅಳದ ದಿನ ಮುಂಜಾನಿ ಎಡಗಡಿ ಎತ್ತಿಂದು ಕೊಂಬು ಮುರದಿತ್ರಿ ಸಾವ್ಕಾರ್ರ. ಸಂಜಿಗಿ ನೋಡಿದ್ರ ಪೂರಾ ಇತ್ತು."

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?" ಎಂದೆ.

"ಕೆಲಸ ನಿಮ್ಮ ಕೈಯಾಗಿತ್ತಲ್ರಿ." ಮೆಟ್ಟಿಲಿಳಿಯುತ್ತ ತಿರುಗಿ ನಿಂತೆ. "ಎತ್ತು ದಣದ್ರ ಬದಲಿ ಜೋಡಿ ತಂದ್ರಿ. ನನಗ ಮಾತ್ರ ಇಷ್ಟು ವರ್ಷ ಬದಲಿ ಆಳು ತರಲಿಲ್ಲ ನೋಡ್ರಿ."

ಈರಣ್ಣ, ಬುದ್ಧಿ ಇರಲಿಲ್ಲ ಎನ್ನಲಾರೆ — ಇದ್ದದ್ದರಿಂದಲೇ ಮಾಡಿದ್ದು.

ಅಮಾವಾಸ್ಯೆ ಕಳೆದ ಮೇಲೆ ಬರುತ್ತೇನೆ. ಮತ್ತೊಮ್ಮೆ ಅಳೆಯೋಣ. ಈ ಸಲ ನಿನ್ನ ಎತ್ತು ಹೂಡು ಎಂದು ಬರೆಯಹೊರಟೆ — ಗಿರಣಿಗೆ ಬರುವಾಗಲೇ ನೀನು ಅವನ್ನು ಮಾರಿದ್ದು ಈಗ ನೆನಪಾಯಿತು. ಹಾಗಾದರೆ ನೊಗಕ್ಕೆ ನಾನೇ ಹೆಗಲು ಕೊಡುತ್ತೇನೆ. ಹೊತ್ತು ಮುಳುಗುವವರೆಗೆ ನಾನು ಎಳೆದಷ್ಟು ನನ್ನದು, ಮಿಕ್ಕಿದ್ದೆಲ್ಲ ನಿನ್ನದು. ಅರವತ್ತೆಂಟರ ಈ ಬೊಜ್ಜು ಮೈ ಎಷ್ಟು ಸಾಲು ಎಳೆದೀತೋ ನಿನಗೇ ಗೊತ್ತು. ನೀನು ಹುಣಸೆ ಮರದ ಕೆಳಗೆ ಕೂತು ನೋಡು. ನಾನು ಬದಲಿ ತರುವುದಿಲ್ಲ.