ಹತ್ತು ನಿಮಿಷದ ಮೀನು

ಮುಚ್ಚಳ ತೆಗೆದವರು ಯಾರೆಂದು ನನಗೆ ಖಚಿತವಿಲ್ಲ. ನಾನೇ ತೆಗೆದೆನೆಂದು ನನ್ನ ನೆನಪು ಹೇಳುತ್ತದೆ. ಅವ್ವ ತೆಗೆದಳೆಂದು ಹೆಂಡತಿ ಹೇಳುತ್ತಾಳೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ವರ್ಷವಿಡೀ ಹೇಳುತ್ತೇನೆ. ಆದರೆ ಆ ಮಧ್ಯಾಹ್ನದ ವಿಷಯದಲ್ಲಿ ಮೂರು ವರ್ಷ ನಂಬಿದ್ದು ಒಬ್ಬನನ್ನೇ, ನನ್ನನ್ನು.

ನನ್ನ ಹೆಂಡತಿ ಕಮತಗಿ ಕಡೆಯವಳು. ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಅವ್ವ ಇಳಕಲ್ಲಿನಲ್ಲಿ ದಿನಾ ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕದವಳು. ಮದುವೆಗೆ ಅವಳು ಬೇಡವೆನ್ನಲಿಲ್ಲ. ಆದರೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಎರಡು ವರ್ಷ ಕಾಲಿಡಲಿಲ್ಲ. ಕರೆದಾಗಲೆಲ್ಲ ಫೋನಿನಲ್ಲಿ ಒಂದೇ ಮಾತು: "ಆ ಮನ್ಯಾಗ ನನಗ ನೀರ ಇಳಿಯೂದಿಲ್ಲಪಾ."

ಹೆಂಡತಿಗೆ ಆಗ ಏಳು ತಿಂಗಳು. ಮೈಯಲ್ಲಿ ರಕ್ತ ಕಡಿಮೆ ಇದೆ, ಮೀನು, ಮೊಟ್ಟೆ ತಿನ್ನಲಿ ಎಂದು ಡಾಕ್ಟರು ಹೇಳಿದ್ದರು. ಎಣ್ಣೆಯಲ್ಲಿ ಕರಿದ ವಾಸನೆ ಬಂದರೆ ಸಾಕು, ವಾಂತಿ. ಧಾರವಾಡದಲ್ಲಿ ಓದುವಾಗ ನನ್ನ ಕೋಣೆಯಲ್ಲಿದ್ದ ಮಣಿಪುರದ ಗೆಳೆಯ ಇಡೀ ಮೀನನ್ನು ಹಬೆಯಲ್ಲಿ ಬೇಯಿಸುತ್ತಿದ್ದ. ಅದನ್ನು ಮಾಡಿ ಕೊಟ್ಟೆ, ಅವಳ ಹೊಟ್ಟೆಯಲ್ಲಿ ನಿಂತಿತು. ಆಮೇಲೆ ವಾರಕ್ಕೆರಡು ಸಲ ಅದೇ.

ಅವತ್ತೂ ಹಿನ್ನೀರಿನ ದಂಡೆಯಿಂದ ಅಂಗೈ ಎರಡರಷ್ಟುದ್ದದ ಜಿಲೇಬಿ ಮೀನು ತಂದಿದ್ದೆ. ಹೊಟ್ಟೆ ತೆಗೆಸಿ, ಮೈಮೇಲಿನ ಹುರುಪೆ ಕೆರೆಸಿಯೇ ತಂದದ್ದು. ಎರಡೂ ಮಗ್ಗುಲಿಗೆ ಮೂರು ಮೂರು ಗೀರು ಹಾಕಿ ಉಪ್ಪು ಸವರಿದೆ. ತಾಟಿನಲ್ಲಿ ಹಸಿಶುಂಠಿಯ ಬಿಲ್ಲೆ ಹಾಸಿ ಅದರ ಮೇಲೆ ಮೀನು ಮಲಗಿಸಿದೆ. ದೊಡ್ಡ ಬೋಗಾಣಿಯಲ್ಲಿ ಬಟ್ಟಲು ಬೋರಲು ಹಾಕಿ, ನೀರು ಕುದಿ ಬಂದ ಮೇಲೆ ತಾಟು ಇಟ್ಟು ಮುಚ್ಚಿದೆ. ಹತ್ತು ನಿಮಿಷ, ಹೆಚ್ಚಿಲ್ಲ. ಆಮೇಲೆ ತಾಟಿನಲ್ಲಿ ನಿಂತ ನೀರು ಚೆಲ್ಲಬೇಕು, ನಾತವೆಲ್ಲ ಅದರಲ್ಲೇ ಇರುತ್ತದೆ. ಮೇಲೆ ಉಳ್ಳಾಗಡ್ಡಿ ತಪ್ಪಲು, ಶುಂಠಿಯ ಎಳೆ, ಗೋಬಿ ಮಂಚೂರಿ ಗಾಡಿಯವರು ಕೊಳ್ಳುವ ಅಂಗಡಿಯಿಂದ ತಂದ ಸೋಯಾ ಸಾಸ್. ಕೊನೆಗೆ ಕಾಸಿದ ಎಣ್ಣೆ ಎರಡು ಚಮಚ. ಬೆಳಗಿನಿಂದ ಅವಳು ಬೇರೇನೂ ತಿಂದಿರಲಿಲ್ಲ.

ಮುಚ್ಚಿ ಎಂಟು ನಿಮಿಷ ಆಗಿತ್ತೇನೋ, ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವ್ವ. ಬಿಸಿಲಿಗೆ ಮುಖ ಕೆಂಪಾಗಿತ್ತು. ಬಗಲಲ್ಲಿ ಚೀಲ, ಚೀಲದೊಳಗೆ ಹಸಿರು ಸೀರೆ. ಸೊಸೆಯ ಸೀಮಂತ, ನಮ್ಮ ಕಡೆಯ ಕುಬಸ, ಮಾಡಲು ಹೇಳದೆ ಕೇಳದೆ ಬಂದಿದ್ದಳು.

ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ. ಇದು ಖರೆ, ಏಕೆಂದರೆ ಚೌಕಟ್ಟಿನ ಮೊಳೆ ಬೆನ್ನಿಗೆ ಚುಚ್ಚಿದ್ದು ನೆನಪಿದೆ. ಮೊಳೆ ಈಗಲೂ ಇದೆ.

"ಏನ್ ಇಟ್ಟೀದಿ ಒಲಿ ಮ್ಯಾಲೆ?" ಅಂದಳು ಅವ್ವ.

"ಕಡಬು."

ಯಾಕೆ ಹಾಗೆ ಹೇಳಿದೆನೋ. ಹಬೆಯಲ್ಲಿ ಬೇಯುವುದು ಅಂದರೆ ನಮ್ಮ ಮನೆಯಲ್ಲಿ ಅದೊಂದೇ.

"ಯಾವ ಹಬ್ಬ ಇವತ್ತ?"

"ಆಕಿಗೆ ತಿನ್ನಬೇಕ ಅನಿಸಿತ್ತು."

"ಛಲೋ ಆತು. ಬಸುರಿ ಬಯಸಿದ್ದು ಮಾಡಿ ಹಾಕಬೇಕು. ಹೂರಣ ಯಾವ್ದು?"

"ಕಡ್ಲಿಬ್ಯಾಳಿ."

ಅವ್ವ ಮೂಗು ಏರಿಸಿದಳು. "ಕಡ್ಲಿಬ್ಯಾಳಿ ಹೂರಣಕ್ಕ ಹಸಿಶುಂಠಿ ಯಾರ ಹಾಕ್ತಾರೋ? ಸರಿ, ನೋಡ್ತೇನಿ."

ನಾನು ಸರಿಯಲಿಲ್ಲ. ಗಡಿಯಾರ ನೋಡಿದೆ. ಹತ್ತು ನಿಮಿಷ ಆಗಿತ್ತು. ಗ್ಯಾಸ್ ಆರಿಸಿದರೂ ಮುಚ್ಚಳದ ಕೆಳಗೆ ಮೀನು ಬೇಯುತ್ತಲೇ ಇರುತ್ತದೆ. ಮುಚ್ಚಳ ತೆಗೆದರೆ ಅವ್ವ ಚೀಲ ಎತ್ತಿಕೊಂಡು ಹೊರಟಾಳು. ಬೋಗಾಣಿ ಗಡಗಡ ಸದ್ದು ಮಾಡುತ್ತಿತ್ತು.

ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ಆಗ ಅಂದಳು: "ಮೀನ ಐತ್ರಿ ಅತ್ತಿ. ನನಗಂತ ಇಟ್ಟಾರ್ರಿ."

ಅವ್ವ ಬಗಲಿನ ಚೀಲ ಸರಿಮಾಡಿಕೊಂಡಳು. ಆಮೇಲೆ ನನ್ನನ್ನೇ ನೋಡಿ, "ಮೀನಕ್ಕಿಂತ ನಿನ್ನ ಕಡಬ ಭಾಳ ನಾರತೈತಿ," ಅಂದಳು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ: ನಾನು ಮುಚ್ಚಳ ತೆಗೆದೆ, ನೀರು ಚೆಲ್ಲಿದೆ, ಎಣ್ಣೆ ಚೊಂಯ್ ಅಂದಿತು. ತಿರುಗಿ ನೋಡಿದಾಗ ಅವ್ವ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಹೆಂಡತಿಗೆ ಉಡಿ ತುಂಬಿ, ಸಂಜೆಯ ಬಸ್ಸಿಗೆ ಹೋದಳು. ನಮ್ಮ ಮನೆಯ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ.

ನೀರು ಮುಟ್ಟಲಿಲ್ಲವೆಂಬ ಆ ಕೊನೆಯ ನೆನಪಿನ ಮೇಲೆ ನಾನು ಮೂರು ವರ್ಷ ನಡೆದುಕೊಂಡೆ. ಇಳಕಲ್ಲಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ನೀರು ಕುಡಿದು ಅವ್ವನ ಮನೆಗೆ ಹೋಗುತ್ತಿದ್ದೆ. ಅವಳು ಲೋಟ ತಂದರೆ, ಈಗಷ್ಟೇ ಕುಡಿದು ಬಂದೆ ಅನ್ನುತ್ತಿದ್ದೆ. ಹುಟ್ಟಿದ ಮಗಳನ್ನು ಕರೆದುಕೊಂಡು ಹೋದ ದಿನವೂ ಹಾಗೆಯೇ. ಅವ್ವ ಲೋಟವನ್ನು ಸುಮ್ಮನೆ ಒಳಗೆ ಒಯ್ಯುತ್ತಿದ್ದಳು.

ಕಳೆದ ತಿಂಗಳು ಮಾತ್ರ ಒಯ್ಯಲಿಲ್ಲ. ಲೋಟ ಹಿಡಿದುಕೊಂಡೇ ನಿಂತಳು.

"ನಿಮ್ಮ ಮನ್ಯಾಗ ನಾ ಕುಡದೇನಿ. ನಮ್ಮ ಮನ್ಯಾಗ ನಿನಗೇನಾಗೈತಿ?"

"ನೀ ಯಾವಾಗ ಕುಡದಿ?"

"ಕುಬಸಕ್ಕ ಅಷ್ಟ ಬಿಸಲಾಗ ಬಂದಾಕಿ, ಕುಡೀದ ಇರ್ತೇನೇನು?"

ನಾನು ನಂಬಲಿಲ್ಲ. ವಯಸ್ಸಾದವರು ನೆನಪನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ ಎಂದುಕೊಂಡೆ. ಅವತ್ತೂ ಲೋಟ ಹಾಗೆಯೇ ಉಳಿಯಿತು. ಬಾಗಲಕೋಟೆಗೆ ಬಂದು, ಅವ್ವ ಹೇಳಿದ್ದನ್ನು ಬಾಯಿ ಬಿಡದೆ, ಹೆಂಡತಿಯನ್ನು ಕೇಳಿದೆ: ಕುಬಸದ ದಿನ ಅವ್ವ ನಮ್ಮಲ್ಲಿ ಏನಾದರೂ ತಗೊಂಡಳೇನು?

ಅವಳು ಮಗಳ ತಲೆ ಬಾಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನೀರು. ಎರಡ ಲೋಟ. ಮುಚ್ಚಳಾ ತಗದವ್ರೂ ಅವರ, ಎರಡನೇದು ತಾವ ಕೇಳಿ ಇಸಗೊಂಡ್ರು. ನೀವು ಆ ಕಡಿ ಮುಖಾ ಮಾಡಿ ಮೀನಿಗೆ ಎಣ್ಣಿ ಹಾಕಾಕತ್ತಿದ್ರಿ."