ಬೀಗ ನಾನೇ ಹಾಕಿದ್ದೆ

ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜಿನ ಇತಿಹಾಸ ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಮಿತಿ ನನಗೆ ಆಜ್ಞಾಪಿಸಿತು. ಅಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗಿಂತ ಹಳೆಯ ವಸ್ತು ಆ ಆವರಣದಲ್ಲಿ ಉಳಿದಿಲ್ಲವೆಂಬುದೇ ನನ್ನ ಅರ್ಹತೆ. ಎರಡು ಪುಟ ಸಾಕು, ಒಳ್ಳೆಯದನ್ನಷ್ಟೇ ಬರೆಯಿರಿ ಎಂದು ಪ್ರಾಚಾರ್ಯರು ಹೇಳಿಕಳಿಸಿದರು. ಒಳ್ಳೆಯದನ್ನಷ್ಟೇ ಬರೆಯುವುದಾದರೆ ಎರಡು ಪುಟ ಹೆಚ್ಚೇ ಆದೀತು.

ಇಂಡಿಗೂ ಸಿಂದಗಿಗೂ ಬಸ್ಸು ಹಿಡಿದು ಹೋಗಲಾಗದ ಮಕ್ಕಳಿಗಾಗಿ ಹುಟ್ಟಿದ ಕಾಲೇಜು ಅದು. ಕಾಲುವೆ ಕೆಲಸದವರು ಬಿಟ್ಟುಹೋದ ತಗಡಿನ ಶೆಡ್ಡಿನಲ್ಲಿ ಶುರುವಾಯಿತು. ಬೇಸಿಗೆಯಲ್ಲಿ ಉಷ್ಣದ ಪಾಠವನ್ನು ಬೇರೆಯಾಗಿ ಮಾಡುವ ಅಗತ್ಯವಿರಲಿಲ್ಲ. ಆಮೇಲೆ ಕಟ್ಟಡ ಬಂತು, ಕಟ್ಟಡದಲ್ಲಿ ಪ್ರಯೋಗಾಲಯ, ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಬೀಗ. ನಮ್ಮ ಸುವರ್ಣಯುಗ ಆ ಬೀಗದಿಂದ ಆರಂಭವಾಗುತ್ತದೆ.

ಸಾಮಾನುಗಳ ಚಾರ್ಜು ನನ್ನ ಹೆಸರಿಗಿತ್ತು. ಅಂದರೆ, ನಾನು ಬಿಟ್ಟುಹೋಗುವ ದಿನ ಒಂದೊಂದು ಗಾಜಿನ ನಳಿಕೆಯನ್ನೂ ಮುಂದಿನವರಿಗೆ ಎಣಿಸಿ ಒಪ್ಪಿಸಬೇಕು. ಒಡೆದಿದ್ದರೆ ಕಾರಣ ಬರೆಯಬೇಕು. ಬರೆದ ಕಾರಣಕ್ಕೆ ಮತ್ತೊಂದು ಕಾರಣ ಕೇಳುತ್ತಾರೆ. ಮುಟ್ಟದ ಸಾಮಾನು ಒಡೆಯುವುದಿಲ್ಲ ಎಂಬ ಭೌತನಿಯಮವನ್ನು ನಾನು ಬೇಗ ಕಂಡುಹಿಡಿದೆ. ತಪಾಸಣೆಯ ದಿನ ಬಾಗಿಲು ತೆರೆಯುತ್ತಿತ್ತು, ಪ್ರಾಯೋಗಿಕ ಪರೀಕ್ಷೆಯ ದಿನ ತೆರೆಯುತ್ತಿತ್ತು. ಉಳಿದ ದಿನ ಕರಿಹಲಗೆಯ ಮೇಲೆ ಲೋಲಕದ ಚಿತ್ರ ಬರೆದು, ಗುರುತ್ವದ ಬೆಲೆ ಸೆಂಟಿಮೀಟರ್ ಲೆಕ್ಕದಲ್ಲಿ ಒಂಬೈನೂರ ಎಂಬತ್ತು ಬರಬೇಕು ಎಂದು ಹೇಳಿ ಕೈಯ ಸುಣ್ಣ ಝಾಡಿಸಿಕೊಳ್ಳುತ್ತಿದ್ದೆ. ಮಕ್ಕಳು ಉತ್ತರದಿಂದ ಹಿಂದಕ್ಕೆ ನಡೆದು, ತೂಗಾಟದ ಸಮಯಗಳನ್ನು ಪಟ್ಟಿಯಲ್ಲಿ ತುಂಬುತ್ತಿದ್ದರು. ಮುದ್ದೇಬಿಹಾಳದ ಕಡೆಯಿಂದ ಬರುತ್ತಿದ್ದ ಪರೀಕ್ಷಕರು ಮಧ್ಯಾಹ್ನದ ಹೋಳಿಗೆಯನ್ನು ಮಾತ್ರ ಕೂಲಂಕಷವಾಗಿ ಪರೀಕ್ಷಿಸುತ್ತಿದ್ದರು. ಎಲ್ಲರಿಗೂ ಒಂಬೈನೂರ ಎಂಬತ್ತು, ಎಲ್ಲರಿಗೂ ಪೂರ್ಣ ಅಂಕ. ಭೂಮಿ ನಮ್ಮ ಕಾಲೇಜಿನಲ್ಲಿ ಎಳೆದಷ್ಟು ಶಿಸ್ತಿನಿಂದ ಬೇರೆಲ್ಲೂ ಎಳೆದಿರಲಿಕ್ಕಿಲ್ಲ.

ನಾನು ನಿವೃತ್ತನಾದೆ. ನನ್ನ ಹುದ್ದೆಗೆ ಯಾರೂ ಬರಲಿಲ್ಲ. ಒಪ್ಪಿಸಿಕೊಳ್ಳುವವರೇ ಇಲ್ಲದ ಮೇಲೆ ಕೀಲಿಕೈ ನಮ್ಮ ಮನೆಯ ದೇವರ ಮಾಡದ ಪಕ್ಕದ ಮೊಳೆಗೆ ಬಂದು ಸೇರಿತು. ಪರೀಕ್ಷೆಯ ದಿನ ಕಾಲೇಜಿನ ಸಿಪಾಯಿ ಒಯ್ಯುತ್ತಿದ್ದ, ಸಂಜೆ ತಂದು ತೂಗುಹಾಕುತ್ತಿದ್ದ.

ಈ ವರ್ಷ ಕಾಲೇಜು ತೆರೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ತಾಂಬಾದ ಕುರಿಗಾರರ ಮನೆಯ ಹುಡುಗಿ. ಧಾರವಾಡದಲ್ಲಿ ಓದಿ, ಈಗ ನಮ್ಮ ಕಾಲೇಜಿಗೇ ಅತಿಥಿ ಉಪನ್ಯಾಸಕಿ. ಕೀಲಿ ಕೇಳಿದಳು. ಒಡೆದರೆ ಉತ್ತರ ಕೊಡುವವರು ಯಾರು ಎಂದು ನಾನು ನನ್ನ ಎಂದಿನ ಮಂತ್ರ ಹೇಳಿದೆ. ಅವಳು ಧಾರವಾಡದ ಮೊದಲ ಪ್ರಾಯೋಗಿಕ ತರಗತಿಯ ಸಂಗತಿ ತೆಗೆದಳು.

"ದಾರಕ್ಕ ಗುಂಡು ಕಟ್ಟೂ ಮೊದಲ ರೀಡಿಂಗ್ ಬರದಿಟ್ಟಿದ್ದೆ, ಸರ. ಅಲ್ಲಿ ಮೇಡಂ ನನ್ನ ಪಟ್ಟಿ ಎತ್ತಿ ಎಲ್ಲಾರಿಗೂ ತೋರಿಸಿದ್ರು. ಈಕಿ ಮನ್ಯಾಗ ಮಾಡ್ಕೊಂಡು ಬಂದಾಳ ಅಂದ್ರು. ಎಲ್ಲಾರೂ ಯಾಕ ನಗಾಕತ್ತಾರ ಅನ್ನೂದ ನನಗ ತಿಳೀಲಿಲ್ರಿ. ಪ್ರಯೋಗ ಅಂದ್ರ ಹಂಗ ಮಾಡೂದು ಅಂತ ತಿಳಕೊಂಡಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಬಂತು. ಹುದ್ದೆ ತುಂಬದ ಇಲಾಖೆಯ ಮೇಲೆ ಬಂತು, ನಳಿಕೆ ಎಣಿಸಿ ಮಕ್ಕಳನ್ನು ಎಣಿಸದ ತಪಾಸಣೆಯವರ ಮೇಲೆ ಬಂತು, ಹೋಳಿಗೆಯ ಮೇಲೂ ಬಂತು. ಎಲ್ಲರನ್ನೂ ಮನಸಾರೆ ಬಯ್ದು ಮುಗಿದ ಮೇಲೂ ಬೀಗ ಹಾಕಿದ ಕೈ ನನ್ನದೇ ಆಗಿ ಉಳಿಯಿತು.

ಒಳಗಿನಿಂದ ಚಹಾ ತಂದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಕೊಡ್ರಿ ಅದನ್ನ. ಹೋಗೂವಾಗ ಸಂಗಾಟ ಒಯ್ಯಾವ್ರದೀರೇನು?" ಎಂದಳು.

ಕೊಟ್ಟೆ. ಸುದ್ದಿ ಮುಟ್ಟಿ ಪ್ರಾಚಾರ್ಯರು ಫೋನು ಮಾಡಿದರು. "ಗುರುಗಳ, ಒಡದ್ರ ಹೆಸರು ನಿಮ್ದ ಐತಿ ನೋಡ್ರಿ, ನನ್ನದಲ್ಲ." ನಿವೃತ್ತನ ಹೆಸರಿನ ಮೇಲೆ ಸರ್ಕಾರ ಇನ್ನೂ ಇಟ್ಟಿರುವ ವಿಶ್ವಾಸಕ್ಕೆ ಕೃತಜ್ಞತೆ ಸಲ್ಲಿಸಿ ಫೋನಿಟ್ಟೆ.

ಮರುದಿನ ನಾನೂ ಹೋಗಿ ಪ್ರಯೋಗಾಲಯದ ಮೂಲೆಯಲ್ಲಿ ಕೂತೆ. ಕೆಲವು ಪೆಟ್ಟಿಗೆಗಳಲ್ಲಿ ಸಾಮಾನು ಒಡೆಯದಂತೆ ತುಂಬಿದ್ದ ಹುಲ್ಲು ಕೂಡ ಕದಲಿರಲಿಲ್ಲ. ಒಬ್ಬ ಹುಡುಗಿ ಲೋಲಕ ತೂಗಿಬಿಟ್ಟು, ಎಣಿಸಿ, ಲೆಕ್ಕ ಹಾಕಿದಳು. ಒಂಬೈನೂರ ನಲವತ್ಮೂರು ಬಂತು. ಗಾಬರಿಯಾಗಿ ರಬ್ಬರಿಗೆ ಕೈ ಹಾಕಿದಳು. ಅತಿಥಿ ಉಪನ್ಯಾಸಕಿ ರಬ್ಬರನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡು, "ಇರಲಿ ಬಿಡವ್ವಾ, ಮತ್ತೊಮ್ಮೆ ತೂಗು" ಎಂದಳು.

ಮೂರನೆಯ ದಿನ ಅದೇ ಹುಡುಗಿಯ ಕೈಯಿಂದ ಪ್ರಿಸಂ ಜಾರಿ ಬಿದ್ದು ಒಡೆಯಿತು. ಪ್ರಾಚಾರ್ಯರು ಲಿಖಿತ ಕಾರಣ ಕೇಳಿದರು. ಬರೆದುಕೊಟ್ಟೆ, ಅದರ ಒಂದು ಪ್ರತಿಯನ್ನು ಇತಿಹಾಸದ ಕೊನೆಯ ಸಾಲಾಗಿ ಸೇರಿಸಿದೆ. ಸಮಿತಿ ಅದನ್ನು ತೆಗೆಯಿರಿ ಎಂದು ಎರಡು ಸಲ ಹೇಳಿಕಳಿಸಿದೆ. ತೆಗೆಯುವುದಾದರೆ ಎರಡೂ ಪುಟ ತೆಗೆಯಿರಿ ಎಂದಿದ್ದೇನೆ. ಆ ಸಾಲು ಇಷ್ಟೇ: ಪ್ರಿಸಂ ಒಂದು ಒಡೆದಿದೆ, ಕಾರಣ, ವಿದ್ಯಾರ್ಥಿನಿ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.